ಹೊಲಿಯುವ ಕೈ, ನುಡಿಸುವ ಕೈ: ನೇಪಾಳದ ಕುಶಲಕಲೆ, ಉಡುಪು ಮತ್ತು ವಾದ್ಯಗಳು



ಕೈಕಸುಬು ಮತ್ತು ಜನಪದ ಕಲೆಗಳ ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯ ಆಶಯ. ಈ ಸಲ ನೇಪಾಳದ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇನೆ. ಆ ದೇಶದ ಎಲ್ಲ ಕಲೆಗಳನ್ನೂ ಒಂದು ಸಂಜೆಯಲ್ಲಿ ಹೇಳಿ ಮುಗಿಸುವುದು ಆಗದ ಮಾತು. ಆದ್ದರಿಂದ ಮೂರನ್ನು ಆರಿಸಿಕೊಂಡಿದ್ದೇನೆ: ಪಾಟನ್ ನಗರದ ಲೋಹದ ಎರಕ, ಬೆಟ್ಟದ ಜನರ ಬಟ್ಟೆಬರೆ, ಮತ್ತು ಅಲ್ಲಿನ ವಾದ್ಯಗಳು. ಮೂರರ ಮುಂದೆಯೂ ಒಂದೇ ಪ್ರಶ್ನೆ ಇಡುತ್ತೇನೆ. ಇದನ್ನು ಮಾಡಿದವರು ಯಾರು, ಅವರನ್ನು ಅವರ ಸಮಾಜ ಎಲ್ಲಿ ಕೂರಿಸಿತು?

ವಿಷಯಕ್ಕೆ ಇಳಿಯುವ ಮುನ್ನ ಕನ್ನಡಿಗರಾದ ನಾವು ನೆನಪಿಡಬೇಕಾದ ಒಂದೆರಡು ಸಂಗತಿಗಳಿವೆ. 1097ರಲ್ಲಿ ನಾನ್ಯದೇವನೆಂಬ ದೊರೆ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ತನ್ನನ್ನು ಕರ್ನಾಟ ಕುಲದವನೆಂದು ಕರೆದುಕೊಂಡ. ಅವನ ರಾಜಧಾನಿ ಸಿಮ್ರೌನ್‌ಗಢದ ಅವಶೇಷಗಳು ಇಂದಿನ ನೇಪಾಳದ ತರಾಯಿ ಬಯಲಿನಲ್ಲಿವೆ. ಭರತನ ನಾಟ್ಯಶಾಸ್ತ್ರವನ್ನು ಆಧರಿಸಿ ಸಂಗೀತದ ಬಗ್ಗೆ ‘ಭರತಭಾಷ್ಯ’ ಎಂಬ ದೊಡ್ಡ ಗ್ರಂಥ ಬರೆದವನು ಇದೇ ದೊರೆ. ಹದಿನಾಲ್ಕನೆಯ ಶತಮಾನದಲ್ಲಿ ತುಘಲಕ್ ಸೈನ್ಯ ಆ ರಾಜ್ಯವನ್ನು ಮುರಿದಾಗ ರಾಜಮನೆತನದವರು ಕಠ್ಮಂಡು ಕಣಿವೆಗೆ ಹೋಗಿ ಆಶ್ರಯ ಪಡೆದರು. ಮುಂದೆ ಅಲ್ಲಿ ಆಳಿದ ಮಲ್ಲ ಅರಸರು ಆ ವಂಶದ ನಂಟನ್ನು ಹೆಮ್ಮೆಯಿಂದ ಹೇಳಿಕೊಂಡರು. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ದಕ್ಷಿಣದವರು, ಅವರಲ್ಲೂ ಕರ್ನಾಟಕದವರೇ ಹೆಚ್ಚು ಎಂಬುದು ನಿಮಗೆ ಗೊತ್ತಿರುವ ವಿಷಯ. ಹಾಗಾಗಿ ನೇಪಾಳ ನಮಗೆ ತೀರಾ ಹೊರಗಿನದಲ್ಲ.

ಮೊದಲು ಲೋಹದ ಕೆಲಸವನ್ನು ನೋಡೋಣ.

ಕಠ್ಮಂಡು ಕಣಿವೆಯ ಪಾಟನ್, ಅಂದರೆ ಲಲಿತಪುರದಲ್ಲಿ, ಓಕು ಬಹಾಲ್ ಮತ್ತು ಮಹಾಬೌದ್ಧ ದೇವಾಲಯದ ಸುತ್ತಮುತ್ತಲ ಗಲ್ಲಿಗಳಲ್ಲಿ ಕಣಿವೆಯ ಮೂಲ ಜನರಾದ ನೇವಾರರ ವಿಗ್ರಹ ಮಾಡುವ ಕುಟುಂಬಗಳಿವೆ. ಇವರಲ್ಲಿ ಶಾಕ್ಯರೇ ಪ್ರಮುಖರು. ಬಹಾಲ್ ಎಂದರೆ ನಡುವೆ ಅಂಗಳ, ಸುತ್ತ ಮನೆಗಳು, ಒಂದು ಬದಿಗೆ ಗುಡಿ. ಒಂದು ಕಾಲದ ಬೌದ್ಧ ವಿಹಾರಗಳೇ ಈಗ ಸಂಸಾರಸ್ಥರ ಕೇರಿಗಳಾಗಿವೆ. ಈ ಮನೆಗಳ ಕೆಳ ಅಂತಸ್ತಿನಲ್ಲಿ ಕುಳಿತವರ ಕೈಯಲ್ಲಿ ನಡೆಯುವುದು ಮೇಣದೆರಕ. ನಮ್ಮವರಿಗೂ ಇದು ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮೇಣದಿಂದ ವಿಗ್ರಹ ಎರೆಯುವ ಬಗೆ ವಿವರವಾಗಿ ಬಂದಿದೆ. ಆ ವಿದ್ಯೆ ಇಂದಿಗೂ ನಿತ್ಯದ ದುಡಿಮೆಯಾಗಿ ಉಳಿದಿರುವ ಊರುಗಳಲ್ಲಿ ಪಾಟನ್ ಒಂದು.

ಕೆಲಸ ಹೀಗೆ ಸಾಗುತ್ತದೆ. ಜೇನುಮೇಣಕ್ಕೆ ಸಾಲ ಮರದ ರಾಳ ಬೆರೆಸಿ ಹದ ಮಾಡುತ್ತಾರೆ. ಬರೀ ಮೇಣವಾದರೆ ಬೆರಳಿನ ಬಿಸಿಗೇ ಸೋಲುತ್ತದೆ, ರಾಳ ಹೆಚ್ಚಾದರೆ ಬಿರಿಯುತ್ತದೆ. ಹದವಾದ ಮೇಣವನ್ನು ಬಿಸಿಯ ಬಳಿ ಇಟ್ಟು ಮೆದು ಮಾಡಿಕೊಳ್ಳುತ್ತಾ ಮುಂಡ, ತೋಳು, ಕಿರೀಟ, ಪದ್ಮಪೀಠಗಳನ್ನು ಬೇರೆಬೇರೆಯಾಗಿ ತಿದ್ದಿ ಕೂಡಿಸುತ್ತಾರೆ. ತಾರಾದೇವಿಯ ಕಿವಿಯ ಓಲೆ, ಬೆರಳ ಉಗುರು, ಸೆರಗಿನ ನಿರಿಗೆ ಎಲ್ಲವೂ ಮೇಣದಲ್ಲೇ ಮೂಡಬೇಕು. ಅದರ ಮೇಲೆ ನುಣ್ಣಗಿನ ಜೇಡಿಮಣ್ಣು ಮತ್ತು ಸಗಣಿಯ ತೆಳು ಲೇಪ. ಅದು ಆರಿದ ಮೇಲೆ ಇನ್ನೊಂದು. ಹೊರಗಿನ ಪದರಕ್ಕೆ ಭತ್ತದ ಹೊಟ್ಟು ಸೇರಿಸಿದ ಒರಟು ಮಣ್ಣು. ಒಣಗಿಸಲು ಆತುರ ಸಲ್ಲದು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ನೆರಳಲ್ಲೇ ಆರಬೇಕು. ಬಳಿಕ ಕಾಯಿಸಿದಾಗ ಮೇಣ ಕರಗಿ ಹೊರಗೆ ಹರಿಯುತ್ತದೆ. ಆ ಟೊಳ್ಳಿಗೆ ಕರಗಿದ ತಾಮ್ರವನ್ನು ಹೊಯ್ಯುತ್ತಾರೆ. ತಣಿದ ಮೇಲೆ ಅಚ್ಚನ್ನು ಸುತ್ತಿಗೆಯಿಂದ ಒಡೆಯಬೇಕು. ಒಂದು ಅಚ್ಚಿಗೆ ಒಂದೇ ವಿಗ್ರಹ. ಎರಕ ಎಲ್ಲೋ ಒಂದು ಕಡೆ ಕೂಡದಿದ್ದರೆ ತಿಂಗಳ ಶ್ರಮ ಹೋಯಿತು.

ಅಲ್ಲಿಂದ ಮುಂದೆ ಕೆತ್ತುವವನ ಸರದಿ. ಸಣ್ಣ ಉಳಿ ಹಿಡಿದು ದಿನಗಟ್ಟಲೆ ಕೂತು ಗೆರೆಗಳನ್ನು ಚುರುಕು ಮಾಡುತ್ತಾನೆ. ಕೊನೆಗೆ ಚಿನ್ನದ ಲೇಪ. ಚಿನ್ನವನ್ನು ಪಾದರಸದಲ್ಲಿ ಅರೆದು ಬೆಣ್ಣೆಯಂತಾದ ಮುದ್ದೆಯನ್ನು ವಿಗ್ರಹಕ್ಕೆ ಸವರಿ ಬೆಂಕಿ ಹಾಯಿಸುತ್ತಾರೆ. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ತಾಮ್ರಕ್ಕೆ ಕಚ್ಚಿಕೊಂಡು ಉಳಿಯುತ್ತದೆ. ಆ ಆವಿ ವಿಷ. ಅದು ಉಸಿರಿನೊಂದಿಗೆ ಒಳಗೆ ಹೋದರೆ ನರಗಳನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ವಿಗ್ರಹದ ಹೊಳಪನ್ನು ಹೊಗಳುವಾಗ ಈ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಈ ವಿದ್ಯೆ ಹಿಮಾಲಯ ದಾಟಿ ಹೋದದ್ದಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ಹೆಸರಿದೆ. 1260ರಲ್ಲಿ ಟಿಬೆಟ್ಟಿನಲ್ಲಿ ಸ್ತೂಪ ಕಟ್ಟಲು ನೇಪಾಳದಿಂದ ಎಂಬತ್ತು ಮಂದಿ ಕುಶಲಕರ್ಮಿಗಳು ಹೊರಟರು. ಅವರ ಮುಂದಾಳು ಆರ್ನಿಕೊ, ಇನ್ನೂ ಹದಿಹರೆಯದವನು. ಅವನ ಕೈಚಳಕ ಕಂಡ ಟಿಬೆಟ್ಟಿನ ಗುರು ಫಗ್ಪಾ ಅವನನ್ನು ಕುಬ್ಲಾಯ್ ಖಾನನ ಆಸ್ಥಾನಕ್ಕೆ ಕರೆದೊಯ್ದ. ಬೀಜಿಂಗಿನಲ್ಲಿ 1279ರಲ್ಲಿ ಪೂರ್ಣಗೊಂಡ ಶ್ವೇತ ಸ್ತೂಪ ಅವನ ಕೆಲಸ, ಈಗಲೂ ನಿಂತಿದೆ. ಆರ್ನಿಕೊ ತಾಯ್ನಾಡಿಗೆ ಮರಳಲಿಲ್ಲ, 1306ರಲ್ಲಿ ಚೀನಾದಲ್ಲೇ ತೀರಿಕೊಂಡ. ಕಠ್ಮಂಡುವಿನಿಂದ ಚೀನಾದ ಗಡಿಗೆ ಹೋಗುವ ಹೆದ್ದಾರಿಗೆ ಅವನ ಹೆಸರಿದೆ.

ನನ್ನ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಸಮಾಧಾನದ್ದು. ಶಾಕ್ಯರು ಬುದ್ಧನ ವಂಶದವರೆಂಬ ಗೌರವ ಪಡೆದವರು, ವಿಹಾರದ ಹಕ್ಕುಳ್ಳವರು. ದೇವರ ಮೂರ್ತಿ ಮಾಡುವವನು ದೇವರ ಬಳಿಯೇ ವಾಸವಿದ್ದ. ಎಲ್ಲ ಕಸುಬಿನವರಿಗೂ ಈ ಭಾಗ್ಯ ಇರಲಿಲ್ಲ.

ಇನ್ನು ಉಡುಪಿನ ಕಡೆಗೆ ಬರುತ್ತೇನೆ. ನೇಪಾಳದ ಗಂಡಸರ ರಾಷ್ಟ್ರೀಯ ಉಡುಪೆಂದು ಜಗತ್ತು ಬಲ್ಲದ್ದು ದೌರಾ ಸುರುವಾಲ್ ಮತ್ತು ಢಾಕಾ ಟೋಪಿ. ದೌರಾ ಎಂದರೆ ಎದೆಯ ಮೇಲೆ ಅಡ್ಡ ಹೊದ್ದು ಲಾಡಿಗಳಿಂದ ಕಟ್ಟುವ ಅಂಗಿ. ಎಂಟು ಲಾಡಿಗಳು ಅಷ್ಟಮಾತೃಕೆಯರ ಗುರುತು ಎಂಬ ನಂಬಿಕೆಯಿದೆ. ಸುರುವಾಲ್ ತೊಡೆಯ ಬಳಿ ಸಡಿಲ, ಮೀನಖಂಡದ ಬಳಿ ಬಿಗಿ. ಇದರ ಮೇಲೆ ಕೋಟು ತೊಡುವ ರೂಢಿ ಬಂದದ್ದು 1850ರಲ್ಲಿ ಇಂಗ್ಲೆಂಡಿಗೆ ಹೋಗಿ ಬಂದ ಪ್ರಧಾನಿ ಜಂಗ್ ಬಹಾದೂರ್ ರಾಣಾನ ಕಾಲದಿಂದ ಎನ್ನುತ್ತಾರೆ. ಹೆಂಗಸರಿಗೆ ಗುನ್ಯು ಚೋಲೋ, ಅಂದರೆ ಸೀರೆ ಮತ್ತು ರವಿಕೆ, ಸೊಂಟಕ್ಕೆ ಸುತ್ತುವ ಉದ್ದನೆಯ ಪಟುಕಾ. ಬೆನ್ನಿಗೆ ಬುಟ್ಟಿ ಹೊತ್ತು ಏರು ಹತ್ತುವವರ ನಡುವಿಗೆ ಈ ಪಟುಕಾ ಆಸರೆ. ಭಕ್ತಪುರದ ಜ್ಯಾಪು ಎಂಬ ರೈತ ಸಮುದಾಯದ ಹೆಂಗಸರದ್ದು ಕೆಂಪಂಚಿನ ಕಪ್ಪು ಸೀರೆ, ಹಾಕು ಪಟಾಸಿ.

ಢಾಕಾ ಟೋಪಿಗೆ ರಾಜಮುದ್ರೆ ಬಿದ್ದದ್ದು ದೊರೆ ಮಹೇಂದ್ರನ ಕಾಲದಲ್ಲಿ. ಪಾಸ್‌ಪೋರ್ಟ್ ಮತ್ತು ಸರ್ಕಾರಿ ಕಾಗದಪತ್ರಗಳ ಫೋಟೋದಲ್ಲಿ ಗಂಡಸರು ಟೋಪಿ ಧರಿಸಿರಬೇಕೆಂಬ ನಿಯಮ ಆಗ ಬಂತು. ಬೆಟ್ಟದ ಒಂದು ಭಾಗದ ಜನರ ಉಡುಪು ಹೀಗೆ ಇಡೀ ದೇಶದ ಉಡುಪಾಯಿತು. ತರಾಯಿಯಲ್ಲಿ ಧೋತಿ ಉಡುವ ಮಧೇಶಿಗಳಿಗೆ, ತಮ್ಮದೇ ವೇಷಭೂಷಣವಿರುವ ಥಾರುಗಳಿಗೆ ಇದರಿಂದ ನೋವಾಯಿತು, ಮುಂದೆ ಅವರು ಅದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಅವರ ಆಕ್ಷೇಪ ನ್ಯಾಯವಾದದ್ದು.

ಆದರೆ ಟೋಪಿಯ ಬಟ್ಟೆಯಂತೂ ಅಪರೂಪದ ಕಲೆ. ಪಶ್ಚಿಮದಲ್ಲಿ ಪಾಲ್ಪಾ, ಪೂರ್ವದಲ್ಲಿ ತೇಹ್ರಥುಮ್ ಈ ನೇಯ್ಗೆಗೆ ಹೆಸರುವಾಸಿ. ಪೂರ್ವದ ಲಿಂಬು ಹೆಂಗಸರು ಬಣ್ಣದ ನೂಲನ್ನು ಬೆರಳಿನಿಂದಲೇ ಹಾಸಿನ ಎಳೆಗಳ ನಡುವೆ ತೂರಿಸಿ ಬುಟ್ಟಾ ಎಬ್ಬಿಸುತ್ತಾರೆ. ಮುಂದೆ ನಕ್ಷೆಯ ಹಾಳೆ ಇರುವುದಿಲ್ಲ, ವಿನ್ಯಾಸ ತಲೆಯಲ್ಲೇ ಇರುತ್ತದೆ. ಅವರಿಂದ ಇನ್ನೂ ಉತ್ತರಕ್ಕೆ, ಸಂಖುವಾಸಭಾ ಜಿಲ್ಲೆಯ ಕಾಡುಗಳಲ್ಲಿ ಅಲ್ಲೋ ಎಂಬ ಗಿಡ ಬೆಳೆಯುತ್ತದೆ. ನಮ್ಮ ತುರಚೆ ಗಿಡದ ಬಳಗದ್ದು, ಆಳೆತ್ತರ ಮೀರಿ ನಿಲ್ಲುತ್ತದೆ, ಮೈಯೆಲ್ಲ ಚುಚ್ಚುವ ಮುಳ್ಳುಗೂದಲು. ಮಳೆಗಾಲ ಕಳೆದ ಮೇಲೆ ರಾಯಿ ಜನರು ಕಾಡಿಗೆ ಹೋಗಿ ಕಡ್ಡಿ ಕಡಿದು ತೊಗಟೆ ಸುಲಿದು ತರುತ್ತಾರೆ. ತೊಗಟೆಯನ್ನು ಒಲೆಯ ಬೂದಿ ಹಾಕಿದ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ, ಹೊಳೆಯಲ್ಲಿ ಬಡಿದು ತೊಳೆದು, ಅಂಟು ಬಿಡಿಸುತ್ತಾರೆ. ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳದಿರಲೆಂದು ಬಿಳಿ ಜೇಡಿಮಣ್ಣು ಹಚ್ಚಿ ಒಣಗಿಸುತ್ತಾರೆ. ಆಮೇಲೆ ನೂಲುವ ಕೆಲಸ. ಅದಕ್ಕೆಂದು ಬೇರೆ ಹೊತ್ತು ಮೀಸಲಿಲ್ಲ. ದನದ ಹಿಂದೆ ನಡೆಯುವಾಗ, ಸಂತೆಗೆ ಹೋಗುವಾಗ ಕೈಯಲ್ಲಿ ತಕಲಿ ತಿರುಗುತ್ತಲೇ ಇರುತ್ತದೆ. ಬ್ರಿಟಿಷ್ ನೇಯ್ಗೆ ತಜ್ಞೆ ಸೂಸಿ ಡನ್ಸ್‌ಮೋರ್ ಈ ಹೆಂಗಸರ ಜೊತೆ ಕೆಲಸ ಮಾಡಿ, ನೇಪಾಳದ ಜವಳಿಯ ಬಗ್ಗೆ ಬರೆದ ಪುಸ್ತಕ 1993ರಲ್ಲಿ ಬಂತು. ಆಸಕ್ತರು ಅದನ್ನು ಹುಡುಕಿ ಓದಬೇಕು.

ರತ್ನಗಂಬಳಿಯ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1959ರ ನಂತರ ಬಂದ ಟಿಬೆಟ್ ನಿರಾಶ್ರಿತರಿಗಾಗಿ ಪಾಟನ್ ಬಳಿಯ ಜಾವಲಾಖೇಲ್‌ನಲ್ಲಿ ಸ್ವಿಸ್ ನೆರವಿನಿಂದ ಗಂಬಳಿ ಕೇಂದ್ರ ಆರಂಭವಾಯಿತು. ಮಗ್ಗದ ಅಡ್ಡಕ್ಕೆ ಒಂದು ಸರಳು ಇಟ್ಟು, ಉಣ್ಣೆಯನ್ನು ಅದಕ್ಕೂ ಹಾಸಿಗೂ ಸುತ್ತುತ್ತಾ ಹೋಗಿ, ಸಾಲು ಮುಗಿದಾಗ ಚಾಕುವಿನಿಂದ ಸೀಳುವುದು ಟಿಬೆಟ್ಟಿನ ಪದ್ಧತಿ. ಅದೇ ಕಾಲದಲ್ಲಿ ನಮ್ಮ ಬೈಲಕುಪ್ಪೆಗೆ ಬಂದು ನೆಲೆಸಿದ ಟಿಬೆಟನ್ನರೂ ಗಂಬಳಿ ನೇಯ್ದರು. ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಅಂಥ ಗಂಬಳಿ ಕೊಂಡವರು ಈ ಸಭೆಯಲ್ಲೂ ಇದ್ದೀರಿ. ನೇಪಾಳದಲ್ಲಿ ಅದು ಭಾರಿ ರಫ್ತು ಉದ್ಯಮವಾಗಿ ಬೆಳೆಯಿತು, ಜರ್ಮನಿ ದೊಡ್ಡ ಗಿರಾಕಿಯಾಯಿತು. ಬೆಳೆದಂತೆ ಮಗ್ಗದ ಮುಂದೆ ಮಕ್ಕಳು ಬಂದು ಕೂತರು. 1994ರಲ್ಲಿ ಜರ್ಮನ್ ಟೆಲಿವಿಷನ್ ಇದನ್ನು ತೋರಿಸಿದ ಮೇಲೆ ಬೇಡಿಕೆ ಕುಸಿಯಿತು. ಬಾಲಕಾರ್ಮಿಕರಿಲ್ಲದೆ ನೇಯ್ದ ಗಂಬಳಿಗೆ ಗುರುತುಚೀಟಿ ಕೊಡುವ ರಗ್‌ಮಾರ್ಕ್ ಚಳವಳಿಯನ್ನು ಕೈಲಾಶ್ ಸತ್ಯಾರ್ಥಿಯವರು ಕಟ್ಟಿದ್ದು ಆ ವರ್ಷಗಳಲ್ಲೇ.

ಈಗ ಈ ಉಪನ್ಯಾಸದ ಮುಖ್ಯ ಭಾಗಕ್ಕೆ ಬರುತ್ತೇನೆ. ದೌರಾ ಸುರುವಾಲ್ ಹೊಲಿಯುವವರು ಯಾರು? ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ಆ ಕೆಲಸ ದಮಾಯಿ ಸಮುದಾಯದ್ದು. ಇವರಲ್ಲಿ ಹಲವರು ಈಗ ಪರಿಯಾರ್ ಎಂಬ ಹೆಸರಿಟ್ಟುಕೊಂಡಿದ್ದಾರೆ. ದಸೈಂ ಹಬ್ಬ, ಅಂದರೆ ನಮ್ಮ ದಸರಾ, ಹತ್ತಿರ ಬಂದಾಗ ದರ್ಜಿ ಹೊಲಿಗೆ ಯಂತ್ರ ಹೊತ್ತು ತನ್ನ ಪಾಲಿನ ಮನೆಗಳ ಅಂಗಳಕ್ಕೆ ಬಂದು ಇಡೀ ಕುಟುಂಬಕ್ಕೆ ಬಟ್ಟೆ ಹೊಲಿದು ಕೊಡುತ್ತಿದ್ದ. ಕೂಲಿ ದುಡ್ಡಿನ ರೂಪದಲ್ಲಿ ಸಿಗುತ್ತಿರಲಿಲ್ಲ. ಸುಗ್ಗಿಯಲ್ಲಿ ಇಷ್ಟು ಧಾನ್ಯ ಎಂದು ನಿಗದಿ. ಅದಕ್ಕೆ ಬಾಲಿ ಎನ್ನುತ್ತಾರೆ. ನಮ್ಮ ಹಳ್ಳಿಗಳ ಆಯಗಾರರನ್ನು ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ದರ್ಜಿ ಮದುವೆಯ ದಿನ ವಾದ್ಯಗಾರ. ಬಟ್ಟೆಯ ಕತ್ತರಿ ಬದಿಗಿಟ್ಟು ಸನಾಯಿ ಎತ್ತಿಕೊಳ್ಳುತ್ತಾನೆ. ಪಂಚೆ ಬಾಜಾ ಎಂಬ ಮೇಳ ಇವರದ್ದು. ಸನಾಯಿ ನಮ್ಮ ಶಹನಾಯಿಯ ಬಳಗದ ಊದುವಾದ್ಯ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಮೂಗಿನಿಂದ ಉಸಿರೆಳೆಯುತ್ತಾ ನಾದ ಕಡಿಯದಂತೆ ಊದುತ್ತಾರೆ. ದಮಾಹಾ ತಾಮ್ರದ ಒಡಲಿನ ದೊಡ್ಡ ನಗಾರಿ. ಟ್ಯಾಮ್ಕೊ ಸೊಂಟಕ್ಕೆ ಕಟ್ಟಿಕೊಂಡು ಎರಡು ಕಡ್ಡಿಗಳಿಂದ ಬಾರಿಸುವ ಪುಟ್ಟ ನಗಾರಿ. ಜೊತೆಗೆ ಝ್ಯಾಲಿ ಎಂಬ ತಾಳ, ತಾಮ್ರದ ಬಾಗುಕೊಂಬು ನರಸಿಂಗಾ. ಒಂಬತ್ತು ವಾದ್ಯಗಳು ಕೂಡಿದರೆ ಅದು ನೌಮತಿ ಬಾಜಾ. ದಿಬ್ಬಣ ಏರು ಹತ್ತುವಾಗ ಒಂದು ಬಗೆ, ಇಳಿಯುವಾಗ ಇನ್ನೊಂದು ಬಗೆ, ವಧುವಿನ ಮನೆ ತಲುಪಿದಾಗ ಮತ್ತೊಂದು. ದಸೈಂ ದಿನಗಳಿಗೆ ಮಾಲಸಿರಿ ಎಂಬ ಬೇರೆಯದೇ ರಾಗ. ಆಷಾಢದ ನಾಟಿಯಲ್ಲಿ ಗದ್ದೆಯ ಬದುವಿನ ಮೇಲೆ ನಿಂತು ನುಡಿಸುವುದೂ ಇತ್ತು. ಈ ವಾದ್ಯಗಾರರ ನಡುವೆ ಇದ್ದು ಅಧ್ಯಯನ ಮಾಡಿದ ಕ್ಯಾರಲ್ ಟಿಂಗಿ ತಮ್ಮ ಪುಸ್ತಕದಲ್ಲಿ ಇದನ್ನು ಮಂಗಳವಾದ್ಯವೆಂದೇ ಗುರುತಿಸಿದ್ದಾರೆ.

ಮಂಗಳವಾದ್ಯ ನುಡಿಸಿದವರನ್ನು ಕಾನೂನು ಹೇಗೆ ಕಂಡಿತ್ತು? 1854ರಲ್ಲಿ ಜಂಗ್ ಬಹಾದೂರ್ ಜಾರಿಗೆ ತಂದ ಮುಲುಕಿ ಐನ್ ಎಂಬ ಸಂಹಿತೆ ಇಡೀ ದೇಶದ ಜಾತಿಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿತು. ಬಟ್ಟೆ ಹೊಲಿದು ವಾದ್ಯ ನುಡಿಸುವ ದಮಾಯಿ, ಕಬ್ಬಿಣ ಬಡಿಯುವ ಕಾಮಿ, ಚರ್ಮ ಹದ ಮಾಡುವ ಸಾರ್ಕಿ, ಹಾಡುವ ಗಾಯಿನೆ, ಇವರೆಲ್ಲರನ್ನೂ ಕಟ್ಟಕಡೆಯ ವರ್ಗದಲ್ಲಿ ಇಟ್ಟಿತು. ಅವರ ಕೈಯ ನೀರು ಸಲ್ಲದು, ಮೈ ಸೋಕಿದರೆ ನೀರು ಪ್ರೋಕ್ಷಿಸಿಕೊಳ್ಳಬೇಕು. ಒಬ್ಬ ದಮಾಯಿಯ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮದುಮಗನ ಮೈಮೇಲಿನ ದೌರಾ ಅವನು ಹೊಲಿದದ್ದು. ದಿಬ್ಬಣದ ಮುಂದೆ ನಡೆದವನು ಅವನು. ಅವನ ಸನಾಯಿ ಇಲ್ಲದೆ ಮುಹೂರ್ತಕ್ಕೆ ಕಳೆಯಿಲ್ಲ. ಊಟಕ್ಕೆ ಮಾತ್ರ ಅಂಗಳದ ಅಂಚು, ಹೊಸ್ತಿಲಿನ ಆಚೆ.

ಕಾಮಿಯ ಕಥೆಯೂ ಇದೇ. ಗೂರ್ಖಾ ಸೈನಿಕನ ಹೆಸರಿನೊಡನೆ ಲೋಕಕ್ಕೆಲ್ಲ ಪರಿಚಿತವಾದ ಖುಕುರಿಯನ್ನು ಬಡಿದವನು ಅವನು. ಲಾರಿಗಳ ಹಳೆಯ ಪಟ್ಟಿ ಸ್ಪ್ರಿಂಗು ಈಗ ಅದಕ್ಕೆ ಕಚ್ಚಾ ಉಕ್ಕು. ಕೆಂಪಗೆ ಕಾಯ್ದ ಅಲಗಿನ ಬಾಯಿಗೆ ಮಾತ್ರ ಕೆಟಲಿನ ಕೊಕ್ಕಿನಿಂದ ಸಣ್ಣ ಧಾರೆಯಾಗಿ ನೀರು ಬಿಡುತ್ತಾನೆ. ಬಾಯಿ ಗಡುಸಾಗುತ್ತದೆ, ಬೆನ್ನು ಮೆದುವಾಗಿ ಉಳಿದು ಪೆಟ್ಟು ತಾಳಿಕೊಳ್ಳುತ್ತದೆ. ನೀರು ಎಲ್ಲಿ ನಿಲ್ಲಬೇಕೆಂಬುದು ಉಕ್ಕಿನ ಬಣ್ಣ ನೋಡಿ ತಿಳಿಯುವ ವಿದ್ಯೆ. ಒರೆಯ ಚರ್ಮ ಸಾರ್ಕಿಯದ್ದು. ಒಂದು ದೇಶದ ಶೌರ್ಯದ ಗುರುತು ಹೀಗೆ ಅದು ಹೊರಗಿಟ್ಟ ಇಬ್ಬರ ಕೈಯಲ್ಲಿ ರೂಪುಗೊಂಡಿತು.

ಇನ್ನೊಂದು ವಾದ್ಯವನ್ನು ಹತ್ತಿರದಿಂದ ನೋಡೋಣ. ಗಾಯಿನೆ ಎಂದು ಕರೆಸಿಕೊಂಡವರು ಈಗ ಗಂಧರ್ವ ಎಂಬ ಹೆಸರಿನಿಂದ ಗುರುತಿಸಿಕೊಳ್ಳುತ್ತಾರೆ. ಇವರ ವಾದ್ಯ ಸಾರಂಗಿ. ಹಿಂದುಸ್ತಾನಿ ಸಾರಂಗಿಯಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಅನುರಣನ ತಂತಿಗಳಿದ್ದರೆ ನೇಪಾಳದ್ದರಲ್ಲಿ ನಾಲ್ಕೇ ತಂತಿ. ಖಿರ್ರೊ ಮರದ ಒಂದೇ ತುಂಡನ್ನು ಕೊರೆದು ಮಾಡುತ್ತಾರೆ, ಜೋಡಣೆಯಿಲ್ಲ. ಒಡಲಿನ ಕೆಳಭಾಗಕ್ಕೆ ಚರ್ಮ ಹೊದಿಸುತ್ತಾರೆ, ಮೇಲ್ಭಾಗ ತೆರೆದಿರುತ್ತದೆ. ಹಿಂದೆ ಪ್ರಾಣಿಯ ಕರುಳಿನ ತಂತಿ, ಕುದುರೆ ಕೂದಲಿನ ಕಮಾನು. ನುಡಿಸುವಾಗ ಬೆರಳ ತುದಿಯಿಂದ ತಂತಿಯನ್ನು ಒತ್ತುವುದಿಲ್ಲ, ಉಗುರಿನಿಂದ ಪಕ್ಕಕ್ಕೆ ಸೋಕಿಸುತ್ತಾರೆ. ಆ ಸೋಕುವಿಕೆಯಿಂದಲೇ ಮನುಷ್ಯನ ಕೊರಳಿಗೆ ಹತ್ತಿರವಾದ ಧ್ವನಿ ಬರುತ್ತದೆ. ಇದಕ್ಕಿಂತ ಹಿಂದೆ ಮೀಟಿ ನುಡಿಸುವ ಅರ್ಬಾಜೊ ಎಂಬ ವಾದ್ಯ ಇವರದ್ದಾಗಿತ್ತು. ಈಗ ಅದನ್ನು ಬಲ್ಲವರು ವಿರಳ.

ರಸ್ತೆ, ರೇಡಿಯೋ ಇಲ್ಲದ ಕಾಲದಲ್ಲಿ ಗಂಧರ್ವರೇ ಬೆಟ್ಟಗಳ ವರದಿಗಾರರು. ಯುದ್ಧ, ಭೂಕುಸಿತ, ಅರಮನೆಯ ಸುದ್ದಿ ಎಲ್ಲವೂ ಹಾಡಾಗಿ ಊರಿಂದೂರಿಗೆ ನಡೆದವು. ವೀರರ ಕಥೆ ಹಾಡುವ ಕರ್ಖಾ ಇವರ ವಿಶಿಷ್ಟ ಪ್ರಕಾರ. ಪೋಖರಾ ಬಳಿಯ ಬಾಟುಲೇಚೌರ್ ಊರಿನ ಝಲಕ್‌ಮಾನ್ ಗಂಧರ್ವ (1935–2003) ಈ ಪರಂಪರೆಯ ದೊಡ್ಡ ಗಾಯಕರು. ಹೊರನಾಡಿನ ರಣರಂಗದಲ್ಲಿ ಸಾಯುತ್ತಿರುವ ಗೂರ್ಖಾ ಸೈನಿಕ ಮನೆಯವರಿಗೆ ಕಳುಹಿಸುವ ಕೊನೆಯ ಮಾತುಗಳನ್ನು ಅವರು ಹಾಡಿದ್ದು ರೇಡಿಯೋ ನೇಪಾಳದ ಮೂಲಕ ಇಡೀ ದೇಶಕ್ಕೆ ಮುಟ್ಟಿತು. ಮಗನನ್ನು ಪಲ್ಟನ್ನಿಗೆ ಕಳಿಸಿ ಕಾದ ಮನೆ ಆ ಬೆಟ್ಟಗಳಲ್ಲಿ ಎಷ್ಟೋ. ನೇಪಾಳವನ್ನು ಅರಿಯಲು ಒಬ್ಬ ಗಾಯಕನನ್ನು ಮಾತ್ರ ಕೇಳಬೇಕೆಂದರೆ ನಾನು ಇವರ ಹೆಸರನ್ನೇ ಹೇಳುತ್ತೇನೆ.

ಮಗರ್ ಜನರ ಮಾದಲ್ ಈಗ ಎಲ್ಲರ ಮನೆಯ ಮದ್ದಳೆಯಾಗಿದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೇವಾರರ ಸಂಗೀತ ಮಾತ್ರ ಬೇರೆಯದೇ ಲೋಕ. ಜ್ಯಾಪು ರೈತರ ಧಿಮೆ ಎಂಬ ದೊಡ್ಡ ಡೋಲನ್ನು ಕೇರಿಯ ಸಂಘಗಳಲ್ಲಿ ದೀಕ್ಷೆಯಂತೆ ಕಲಿಸುತ್ತಾರೆ. ಸಂಗೀತದ ಅಧಿದೇವತೆ ನಾಸದ್ಯೋನಿಗೆ ಪೂಜೆ ಸಲ್ಲಿಸಿಯೇ ಪಾಠ ಶುರು, ಪೂಜೆಯಿಂದಲೇ ಮುಕ್ತಾಯ. ಈ ದೇವರು ನೇರ ಗೆರೆಯಲ್ಲೇ ಸಂಚರಿಸುತ್ತಾನೆಂಬ ನಂಬಿಕೆ ಇರುವುದರಿಂದ, ಅವನ ಗುಡಿಯ ಎದುರು ಮನೆ ಕಟ್ಟುವವರು ಗೋಡೆಯಲ್ಲಿ ಅವನು ಹಾದುಹೋಗಲು ಕಿಂಡಿ ಬಿಡುತ್ತಾರೆ. ಗಂಡಸರಿಗೇ ಮೀಸಲಾಗಿದ್ದ ಧಿಮೆಯನ್ನು ಈಚಿನ ದಶಕಗಳಲ್ಲಿ ಹೆಣ್ಣುಮಕ್ಕಳೂ ಹೆಗಲಿಗೇರಿಸಿಕೊಂಡು ಬೀದಿಗೆ ಬಂದಿದ್ದಾರೆ.

ಕೊನೆಯದಾಗಿ ಇಂದಿನ ಸ್ಥಿತಿ. 1963ರ ಹೊಸ ಮುಲುಕಿ ಐನ್ ಅಸ್ಪೃಶ್ಯತೆಗೆ ಇದ್ದ ಕಾನೂನಿನ ಬೆಂಬಲವನ್ನು ತೆಗೆದುಹಾಕಿತು. 2011ರಲ್ಲಿ ಅದನ್ನು ಶಿಕ್ಷಾರ್ಹ ಅಪರಾಧವಾಗಿಸುವ ಪ್ರತ್ಯೇಕ ಕಾಯಿದೆ ಬಂತು. ಹಳ್ಳಿಯ ನೀರಿನ ನಲ್ಲಿಯ ಬಳಿ, ದೇವಸ್ಥಾನದ ಮೆಟ್ಟಿಲ ಬಳಿ ಭೇದ ಪೂರ್ತಿ ಹೋಗಿಲ್ಲ. ಇತ್ತ ಸಿದ್ಧ ಉಡುಪು ದರ್ಜಿಯ ಕೆಲಸ ಕಿತ್ತುಕೊಂಡಿದೆ, ಬ್ಯಾಂಡ್ ಸೆಟ್ಟು ಸನಾಯಿಯ ಜಾಗಕ್ಕೆ ಬಂದಿದೆ, ತರುಣರು ಕೊಲ್ಲಿ ದೇಶಗಳಿಗೂ ಮಲೇಷ್ಯಾಕ್ಕೂ ಹೋಗುತ್ತಿದ್ದಾರೆ. ತಂದೆಗೆ ಅವಮಾನ ತಂದ ವಾದ್ಯವನ್ನು ಮಗ ಎತ್ತಿಕೊಳ್ಳದಿದ್ದರೆ ಅವನನ್ನು ದೂರುವ ಹಕ್ಕು ನಮಗಿಲ್ಲ. ಪರಂಪರೆ ಉಳಿಸಿ ಎಂದು ಉಪದೇಶ ಮಾಡುವವರು ಮೊದಲು ಆ ಮನೆಯವರೊಡನೆ ಕೂತು ಉಣ್ಣಬೇಕು.

ಭರವಸೆಗೆ ಕಾರಣಗಳೂ ಇವೆ. ಕುಟುಂಬ ಎಂಬ ವಾದ್ಯತಂಡ 2004ರಿಂದ ಸಾರಂಗಿ, ಮಾದಲ್, ಬಾನ್ಸುರಿಗಳನ್ನು ನಗರದ ವೇದಿಕೆಗೆ ತಂದಿದೆ. ಬೇರೆಬೇರೆ ಜಾತಿಯ ಯುವಕ ಯುವತಿಯರು ಸಾರಂಗಿ ಕಲಿಯುತ್ತಿದ್ದಾರೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಠ್ಮಂಡುವಿನ ಕಾಷ್ಠಮಂಡಪವೂ ಪಾಟನ್ ಅರಮನೆ ಚೌಕದ ಗುಡಿಗಳೂ ಉರುಳಿದಾಗ ಅವನ್ನು ಮತ್ತೆ ಎತ್ತಿ ನಿಲ್ಲಿಸಿದವರು ಸ್ಥಳೀಯ ಮರಗೆಲಸದವರೇ. ಕಂಬ, ತೊಲೆ, ಕಿಟಕಿಗಳ ಹಳೆಯ ತುಂಡುಗಳನ್ನು ಆಯ್ದು, ಕೊರತೆಯಾದದ್ದನ್ನು ಹೊಸದಾಗಿ ಕೆತ್ತಿ ಕೂಡಿಸಿದರು. ಆ ವಿದ್ಯೆ ಕೈಯಲ್ಲಿ ಉಳಿದಿದ್ದರಿಂದ ಗುಡಿ ಮರಳಿ ಬಂತು.

ನಿಮ್ಮಲ್ಲಿ ಪಶುಪತಿನಾಥನ ಯಾತ್ರೆಗೆ ಹೋಗುವವರಿಗೆ ನನ್ನದೊಂದು ಕೋರಿಕೆ. ಒಂದು ದಿನವನ್ನು ಪಾಟನ್ನಿನ ಬಹಾಲ್‌ಗಳಿಗೆ ಮೀಸಲಿಡಿ. ಢಾಕಾ ಟೋಪಿ ಕೊಳ್ಳುವುದಾದರೆ ಯಂತ್ರದಲ್ಲಿ ಅಚ್ಚು ಹಾಕಿದ್ದನ್ನು ಬಿಟ್ಟು ಕೈಮಗ್ಗದ್ದನ್ನು ಕೇಳಿ ಪಡೆಯಿರಿ. ಕಠ್ಮಂಡುವಿನ ಠಮೇಲ್ ಬೀದಿಯಲ್ಲಿ ಗಂಧರ್ವನೊಬ್ಬ ಸಾರಂಗಿ ಹಿಡಿದು ಎದುರಾದರೆ ಗೋಡೆಗೆ ತೂಗುಹಾಕುವ ಆಟಿಕೆ ಕೊಂಡು ಮುಂದೆ ಹೋಗಬೇಡಿ. ಒಂದು ಕರ್ಖಾ ಹಾಡಿಸಿ, ಪೂರ್ತಿ ಕೇಳಿ, ಹಾಡಿಗೆ ಹಣ ಕೊಡಿ, ಹೆಸರು ಕೇಳಿ ಬರೆದುಕೊಳ್ಳಿ. 2015ರ ನೇಪಾಳ ಸಂವಿಧಾನದ 40ನೆಯ ವಿಧಿ ದಲಿತ ಸಮುದಾಯಗಳಿಗೆ ತಮ್ಮ ಪಾರಂಪರಿಕ ಕಸುಬು, ಜ್ಞಾನ ಮತ್ತು ಕೌಶಲವನ್ನು ಬಳಸುವ, ಕಾಪಾಡುವ, ಬೆಳೆಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿಗೆ ಬೆಲೆ ಬರುವುದು ಗಿರಾಕಿ ಮತ್ತು ಕೇಳುಗ ಇದ್ದಾಗ.